ದೇವರ ಚಿತ್ತ ಏನು ಅಂತ ನೀವೇ ಹೇಳಿ ಅಕ್ಕಾ

ನಮ್ಮ ಚರ್ಚಿನ ಸಭೆಯ ಯೌವನಸ್ಥ ಹುಡುಗಿಯರ ಜೊತೆ ಕೆಲವು ವರ್ಷಗಳಿಂದ ಕೂರುತ್ತಿದ್ದೇನೆ. ಒಬ್ಬೊಬ್ಬರ ಜೊತೆ ಹದಿನೈದು ದಿನಕ್ಕೊಮ್ಮೆ, ಒಂದು ಗಂಟೆ. ಹೆಚ್ಚಿನವರು ತರುವ ಪ್ರಶ್ನೆ ಒಂದೇ. "ಈ ಕೆಲಸಕ್ಕೆ ಸೇರಲಾ, ಬೇಡವಾ? ಈ ಸಂಬಂಧ ಒಪ್ಪಲಾ? ದೇವರ ಚಿತ್ತ ಏನು ಅಂತ ನೀವೇ ಹೇಳಿ ಅಕ್ಕಾ."

ನಾನು ಹೇಳುವುದಿಲ್ಲ. ನನಗೆ ಅನಿಸಿದ್ದನ್ನು ದೇವರ ಹೆಸರಲ್ಲಿ ಹೇಳಿದರೆ ಅವರು ನಂಬಿಬಿಡುತ್ತಾರೆ. ಭಯ ಅದೇ.

ಬದಲಿಗೆ ಬೈಬಲಿನಲ್ಲಿ ಲೂಕನ ಸುವಾರ್ತೆಯ 24ನೇ ಅಧ್ಯಾಯ ನೋಡಿ. ಯೇಸು ಸತ್ತನೆಂದು ನಿರಾಸೆಯಲ್ಲಿ ಎಮ್ಮಾಹು ಎಂಬ ಊರಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರಿಗೆ, ಜೀವಂತವಾಗಿ ಎದ್ದ ಯೇಸು ದಾರಿಯಲ್ಲಿ ಜೊತೆಯಾದಾಗ ಮೊದಲು ಉಪದೇಶ ಮಾಡಲಿಲ್ಲ. ಏನು ಮಾತಾಡಿಕೊಂಡು ಹೋಗುತ್ತಿದ್ದೀರಿ ಅಂತ ಕೇಳಿದ. ಆ ಇಬ್ಬರೂ ತಮ್ಮ ನಿರಾಸೆಯನ್ನೆಲ್ಲ ಹೇಳಿಕೊಂಡ ಮೇಲೇ ಮೋಶೆಯ ಗ್ರಂಥಗಳಿಂದ ಹಿಡಿದು ಶಾಸ್ತ್ರವನ್ನು ವಿವರಿಸಿದ್ದು. ಆತನಿಗೆ ಎಲ್ಲ ಗೊತ್ತಿತ್ತು. ಆದರೂ ಕೇಳಿಸಿಕೊಂಡ, ಅಲ್ವಾ?

ಹಾಗಾಗಿ ಮೊದಲ ಅರ್ಧ ಗಂಟೆ ಅವರದು. ಆಮೇಲೆ ಮಾರ್ಕನ ಸುವಾರ್ತೆ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಇದೇ ಚಿಕ್ಕದು. ಒಂದು ಭಾಗ ಓದಿ, "ಇದರಲ್ಲಿ ನಿನಗೆ ಯಾವುದು ಒಪ್ಪಿಗೆಯಾಗಲಿಲ್ಲ?" ಅಂತ ಕೇಳುತ್ತೇನೆ. ಇಷ್ಟವಾದದ್ದು ಕೇಳಿದರೆ ಸಂಡೇ ಸ್ಕೂಲ್ ಉತ್ತರ ಬರುತ್ತದೆ. ಒಪ್ಪದ್ದನ್ನು ಕೇಳಿದರೆ ನಿಜವಾದ ಮಾತು ಬರುತ್ತದೆ.

ಒಬ್ಬಳು ತಂದೆ ತೀರಿಕೊಂಡ ಮೇಲೆ ಪ್ರಾರ್ಥನೆ ಬಿಟ್ಟಿದ್ದಳು. ಸಭೆಗೆ ಬರುತ್ತಿದ್ದಳು, ಹಾಡುತ್ತಿದ್ದಳು, ಅಷ್ಟೇ. ಸಮಾಧಾನದ ವಚನಗಳನ್ನು ಎಲ್ಲರೂ ಆಗಲೇ ಹೇಳಿಯಾಗಿತ್ತು. ನಾನು ಬೈಬಲಿನ 88ನೇ ಕೀರ್ತನೆಯನ್ನು ಜೋರಾಗಿ ಓದಲು ಹೇಳಿದೆ. ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತೋತ್ರದ ಕಡೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಇನ್ನೂ ಇದೆಯೇನೋ ಅಂತ ಅವಳು ಪುಟ ತಿರುಗಿಸಿ ನೋಡಿದಳು.

"ಇಷ್ಟೇನಾ ಅಕ್ಕಾ?"

"ಇಷ್ಟೇ."

"ಹೀಗೂ ಪ್ರಾರ್ಥನೆ ಮಾಡಬಹುದಾ?"

ಮುಂದಿನ ಸಲ ಒಂದು ಹಾಳೆ ತಂದಳು. ಹಾಳೆ ತುಂಬಾ ದೇವರ ಮೇಲಿನ ಸಿಟ್ಟು. ಅದನ್ನೇ ಪ್ರಾರ್ಥನೆಯಾಗಿ ಓದಿದೆವು. ನಾನು ಆಮೆನ್ ಮಾತ್ರ ಅಂದೆ.

ಕೆಲವು ಕಟ್ಟುಪಾಡುಗಳಿವೆ. ನಾಲ್ಕು ಜನ ಕಾಣುವ ಜಾಗದಲ್ಲೇ ಕೂರುತ್ತೇವೆ, ಪಾಸ್ಟರ್‌ಗೆ ಗೊತ್ತಿರುತ್ತದೆ. ಹೇಳಿದ್ದು ನನ್ನಲ್ಲೇ ಉಳಿಯುತ್ತದೆ, ಆದರೆ ಜೀವಕ್ಕೆ ಅಪಾಯ ಅನಿಸಿದರೆ ಸುಮ್ಮನಿರುವುದಿಲ್ಲ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಅಂದರೆ ಪ್ರಾರ್ಥನೆಯೂ ಮಾಡುತ್ತೇವೆ, ಡಾಕ್ಟರ್ ಹತ್ತಿರವೂ ಹೋಗುತ್ತೇವೆ.

ನಡುವೆ ಬಿಟ್ಟುಹೋಗುವವರೂ ಇದ್ದಾರೆ. ಮಾರ್ಕನೂ ಅಪೊಸ್ತಲ ಪೌಲನ ಸುವಾರ್ತೆ ಸಾರುವ ಪ್ರಯಾಣವನ್ನು ಅರ್ಧಕ್ಕೇ ಬಿಟ್ಟುಹೋದವನು. ಮುಂದಿನ ಸಲ ಪೌಲ ಅವನು ಬೇಡ ಅಂದ, ಪೌಲನ ಜೊತೆಗಾರ ಬಾರ್ನಬ ಅವನನ್ನು ಕರೆದುಕೊಂಡು ಹೋದ. ಕೊನೆಗೆ ಅದೇ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಮಾರ್ಕನನ್ನು ಕರೆದುಕೊಂಡು ಬಾ, ಅವನು ಉಪಯೋಗಕ್ಕೆ ಬರುತ್ತಾನೆ ಅಂತ ಬರೆದ. ಅದಕ್ಕೇ ಬಿಟ್ಟುಹೋದವರಿಗೆ ಆಗಾಗ ಮೆಸೇಜ್ ಹಾಕುತ್ತೇನೆ. ವಚನ ಕಳಿಸುವುದಿಲ್ಲ, ಸುಮ್ನೆ "ಪರೀಕ್ಷೆ ಹೇಗಾಯ್ತು?" ಅಂತ. ಕೆಲವರು ಉತ್ತರಿಸುತ್ತಾರೆ, ಕೆಲವರು ನೋಡಿ ಬಿಡುತ್ತಾರೆ. ಮುಂದಿನ ತಿಂಗಳು ಮತ್ತೆ ಕೇಳುತ್ತೇನೆ.