ಆಲ್ಪ್ಸ್ ಹುಲ್ಲುಗಾವಲಿಗೆ ಮಕ್ಕಳು, ನಾಯಿ ಸಮೇತ: ಸ್ವಿಟ್ಜರ್ಲೆಂಡಿನ ಕನ್ನಡಿಗರಿಗೆ

ಮೊದಲ ಸಲ ಹೊರಟಿದ್ದರೆ ಮೆನ್ಲಿಖೆನ್‌ನಿಂದ ಕ್ಲೈನೆ ಶೈಡೆಗ್‌ಗೆ ಹೋಗುವ ದಾರಿ ಹಿಡಿಯಿರಿ. ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ನಿಂದ ಕೇಬಲ್ ಕಾರು ಮೆನ್ಲಿಖೆನ್ ಬೆಟ್ಟದ ಮೇಲಕ್ಕೆ ಕರೆದೊಯ್ಯುತ್ತದೆ. ಅಲ್ಲಿಂದ ಸುಮಾರು ನಾಲ್ಕೂವರೆ ಕಿ.ಮೀ. ನಡಿಗೆ. ಏರು ಅಷ್ಟಾಗಿ ಇಲ್ಲ. ಐಗರ್, ಮೋಂಖ್, ಯುಂಗ್‌ಫ್ರೌ ಶಿಖರಗಳು ಮೂರೂ ಎದುರಿಗೇ ಕಾಣುತ್ತವೆ.

ದಾರಿ ತೋರಿಸುವ ಹಳದಿ ಫಲಕದ ಮೇಲೆ ಇರುವುದು ದೂರವಲ್ಲ, ನಡೆಯಲು ಬೇಕಾಗುವ ಸಮಯ. ಮಕ್ಕಳು ಕಲ್ಲು ಆಯುವ ಹೊತ್ತು, ನೀವು ಚಿತ್ರಾನ್ನದ ಡಬ್ಬಿ ಬಿಚ್ಚುವ ಹೊತ್ತು ಅದರಲ್ಲಿ ಸೇರಿಲ್ಲ. ಒಂದೂವರೆ ಗಂಟೆ ಅಂತಿದ್ದರೆ ಮೂರು ಅಂದುಕೊಂಡು ಹೊರಡಿ. ಬರೀ ಹಳದಿ ಗುರುತಿದ್ದರೆ ಸುಲಭದ ದಾರಿ. ಬಿಳಿ-ಕೆಂಪು-ಬಿಳಿ ಇದ್ದರೆ ಬೆಟ್ಟದ ದಾರಿ, ಒಳ್ಳೆಯ ಶೂ ಬೇಕು. ಬಿಳಿ-ನೀಲಿ-ಬಿಳಿ ಕಂಡರೆ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆಯನ್ನೇ ಬಿಡಿ.

ನಾಯಿಗೆ ಮೈಕ್ರೋಚಿಪ್ ಹಾಕಿಸಿ ಅಮಿಕಸ್ ಎಂಬ ನಾಯಿಗಳ ದಾಖಲೆಯಲ್ಲಿ ನೋಂದಾಯಿಸಿರಬೇಕು. ವರ್ಷಕ್ಕೊಮ್ಮೆ ನಾಯಿ ತೆರಿಗೆಯೂ ಇದೆ, ಮೊತ್ತ ಊರಿಂದೂರಿಗೆ ಬೇರೆ. ರೈಲಿನಲ್ಲಿ ಭುಜದ ಎತ್ತರ 30 ಸೆಂ.ಮೀ. ಒಳಗಿನ ನಾಯಿ ಚೀಲದಲ್ಲೋ ಬುಟ್ಟಿಯಲ್ಲೋ ಕೂತರೆ ಪುಕ್ಕಟೆ. ದೊಡ್ಡದಕ್ಕೆ ಎರಡನೇ ದರ್ಜೆಯ ಅರ್ಧ ಟಿಕೆಟ್. ಕೇಬಲ್ ಕಾರುಗಳ ದರ ಬೇರೆ ಇರಬಹುದು, ಕೌಂಟರಿನಲ್ಲಿ ಕೇಳಿ.

ಇನ್ನು ಹಸುಗಳ ವಿಷಯ. ನಮ್ಮವರು ಎಡವುವುದು ಇಲ್ಲೇ. ಬೆಂಗಳೂರಿನ ರಸ್ತೆಯಲ್ಲಿ ಹಸುವಿನ ಬೆನ್ನು ಸವರಿಕೊಂಡು ದಾಟಿದವರು ನಾವು, ಭಯ ಅನ್ನುವುದೇ ಇಲ್ಲ ಅಲ್ವಾ? ಇಲ್ಲಿ ಬೇಸಿಗೆಯಿಡೀ ಕರು ಜೊತೆಗೇ ಮೇಯುವ ತಾಯಿ ಹಸುಗಳಿರುತ್ತವೆ. ಅವುಗಳ ಕಣ್ಣಿಗೆ ನಿಮ್ಮ ಮುದ್ದಿನ ನಾಯಿ ತೋಳದ ಜಾತಿಯೇ. ಲೀಶ್ ಹಾಕಿ, ದೂರದಿಂದ ಸುತ್ತಿಕೊಂಡು ಹೋಗಿ. ಮಕ್ಕಳಿಗೆ ಕರು ಮುಟ್ಟಲು ಬಿಡಬೇಡಿ. ಹಸು ತಲೆ ತಗ್ಗಿಸಿ, ಬುಸುಗುಡುತ್ತಾ ಹತ್ತಿರ ಬಂದರೆ ಓಡಬೇಡಿ, ಬೆನ್ನು ತೋರಿಸಬೇಡಿ, ನಿಧಾನಕ್ಕೆ ಹಿಂದೆ ಸರಿಯಿರಿ. ನುಗ್ಗಿಯೇ ಬಿಟ್ಟರೆ ನಾಯಿಯ ಲೀಶ್ ಬಿಟ್ಟುಬಿಡಿ. ಹಸುವಿನ ಸಿಟ್ಟು ನಾಯಿಯ ಮೇಲೆ, ನಾಯಿಗೆ ಓಡಲು ಬರುತ್ತದೆ. ಎತ್ತಿಕೊಂಡರೆ ಅಪಾಯ ನಿಮಗೆ.

ಕುರಿಮಂದೆ ಇದ್ದಲ್ಲಿ ತೋಳಗಳಿಂದ ಮಂದೆ ಕಾಯುವ ದೊಡ್ಡ ಬಿಳಿ ನಾಯಿಗಳೂ ಇರಬಹುದು. ಎಚ್ಚರಿಕೆ ಫಲಕ ಹಾಕಿರುತ್ತಾರೆ. ಅವು ಬೊಗಳುತ್ತಾ ಬಂದರೆ ನಿಂತುಬಿಡಿ. ಸುಮ್ಮನಾದ ಮೇಲೆ ಮಂದೆಯನ್ನು ಬಳಸಿ ಹೋಗಿ. ಅಷ್ಟು ಜಾಗ ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್.

ನಾಯಿಯ ಕಕ್ಕ ಎತ್ತಲೇಬೇಕು. ಇದು ಬರೀ ಶಿಷ್ಟಾಚಾರದ ಮಾತಲ್ಲ. ನಾಯಿಯ ಮಲದಿಂದ ನಿಯೋಸ್ಪೋರಾ ಎಂಬ ಪರೋಪಜೀವಿ ಮೇವಿಗೆ ಸೇರಿದರೆ ಹಸುವಿಗೆ ಗರ್ಭಪಾತವಾಗಬಹುದು. ನೀವು ಹುಲ್ಲುಗಾವಲು ಅಂದುಕೊಂಡದ್ದು ರೈತನಿಗೆ ಚಳಿಗಾಲದ ಮೇವು. ಹಾಗಾಗಿ ಎತ್ತರಕ್ಕೆ ಬೆಳೆದ ಹುಲ್ಲಿನೊಳಗೆ ಫೋಟೋಗೆ ಇಳಿಯುವುದೂ ಬೇಡ. ದಾರಿಬದಿಯಲ್ಲಿ ನಾಯಿ ಕಕ್ಕ ಹಾಕಲೆಂದೇ ಇಟ್ಟ ಹಸಿರು ರೋಬಿಡಾಗ್ ಡಬ್ಬಗಳಲ್ಲಿ ಚೀಲ ಉಚಿತ. ತುಂಬಿದ್ದನ್ನು ಬೇಲಿಗೆ ನೇತುಹಾಕಿ ಬರುವ ಮಹಾನುಭಾವರೂ ಇದ್ದಾರೆ, ಆ ಸಾಲಿಗೆ ಸೇರಬೇಡಿ. ಬೇಲಿಯ ಗೇಟು ತೆಗೆದರೆ ಮುಚ್ಚಿ.

ಎಂಗಡೀನ್ ಕಡೆಯ ಸ್ವಿಸ್ ರಾಷ್ಟ್ರೀಯ ಉದ್ಯಾನಕ್ಕೆ ಮಾತ್ರ ಲೀಶ್ ಹಾಕಿದ್ದರೂ ನಾಯಿಗೆ ಪ್ರವೇಶವಿಲ್ಲ. ಕಾಡಿನಲ್ಲಿ ಲೀಶ್ ನಿಯಮ (ಇಲ್ಲಿನ ರಾಜ್ಯಗಳಾದ) ಕ್ಯಾಂಟನ್‌ನಿಂದ ಕ್ಯಾಂಟನ್‌ಗೆ ಬದಲಾಗುತ್ತದೆ. ಹಲವು ಕಡೆ ಪ್ರಾಣಿ-ಪಕ್ಷಿಗಳು ಮರಿ ಮಾಡುವ ಏಪ್ರಿಲ್‌ನಿಂದ ಜುಲೈವರೆಗೆ ಕಡ್ಡಾಯ.

ಫೋನಿನಲ್ಲಿ 1414 ಉಳಿಸಿಕೊಳ್ಳಿ. ಅದು ರೇಗಾ, ಹೆಲಿಕಾಪ್ಟರ್ ರಕ್ಷಣಾ ಸೇವೆ. ಆಂಬುಲೆನ್ಸಿಗೆ 144. ಕೆಳಗಿಳಿಯುವ ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ನೋಡಿಕೊಳ್ಳಿ. ಅದು ನಿಮಗಾಗಿ ಕಾಯುವುದಿಲ್ಲ.