ಆರತಿ ತಟ್ಟೆಯಿಂದ ಶುರುವಾದ ನಮ್ಮ ಅರಿಶಿನದ ಪ್ರಯೋಗ

ಹೋದ ತಿಂಗಳು ನಮ್ಮ ಮನೆಗೆ ಹೊಸ ಮದುಮಕ್ಕಳು ಬಂದಿದ್ದರು. ನಮ್ಮತ್ತೆ ತಟ್ಟೆಗೆ ನೀರು ಹಾಕಿ, ಅರಿಶಿನ ಕಲಸಿ, ಚೂರು ಸುಣ್ಣ ಸೇರಿಸಿ ಕದಡಿದರು. ನೀರು ಕೆಂಪಾಯಿತು. ಪಕ್ಕದಲ್ಲೇ ನಿಂತಿದ್ದ ಒಂಬತ್ತು ವರ್ಷದ ಮಗಳು ಕೇಳಿದಳು, "ಅಜ್ಜಿ, ಅರಿಶಿನ ಹಳದಿ, ಸುಣ್ಣ ಬಿಳಿ. ಕುಂಕುಮ ಹಾಕ್ಲೇ ಇಲ್ಲ. ಕೆಂಪು ಎಲ್ಲಿಂದ ಬಂತು?"

"ಅದು ಹಾಗೇ ಕಣೇ ಪುಟ್ಟಿ, ಮೊದಲಿಂದಲೂ," ಅಂದರು ಅತ್ತೆ.

ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು. ಆರತಿ ತಟ್ಟೆಯನ್ನು ಎಷ್ಟೋ ಸಲ ನೋಡಿದ್ದೇನೆ. ಈ ಪ್ರಶ್ನೆ ಮಾತ್ರ ನನಗೆ ಬಂದಿರಲಿಲ್ಲ. ಭಾನುವಾರ ಮಾಡಿ ನೋಡೋಣ ಅಂದೆ.

ಪಕ್ಕದ ಮನೆಯ ಇಬ್ಬರು ಹುಡುಗರೂ ಸೇರಿಕೊಂಡರು. ಮಕ್ಕಳ ಪ್ರಯೋಗ ಅಂದರೆ ಸಾಮಾನ್ಯವಾಗಿ ಸೋಡಾ, ವಿನೆಗರ್ ಹಾಕಿ ಜ್ವಾಲಾಮುಖಿ ಮಾಡಿಸುತ್ತಾರೆ. ಅದೂ ಚೆನ್ನಾಗಿದೆ. ಆದರೆ ನೊರೆ ಉಕ್ಕಿ ಇಳಿದ ಮೇಲೆ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಅರಿಶಿನದ ಬಣ್ಣ ಹಿಡಿದ ಕಾಗದದ ಪಟ್ಟಿ ಕೈಲಿದ್ದರೆ ಅಡುಗೆಮನೆಯ ಒಂದೊಂದೇ ಡಬ್ಬಿ ತೆಗೆದು ಪರೀಕ್ಷೆ ಮಾಡಬಹುದು.

ಮೊದಲು ಅರಿಶಿನವನ್ನು ಸುಮ್ನೆ ನೀರಿನಲ್ಲಿ ಕಲಸಿದೆವು. ಪುಡಿ ತಳಕ್ಕೆ ಕೂತಿತು, ಕಾಗದಕ್ಕೆ ಬಣ್ಣ ಸರಿಯಾಗಿ ಹಿಡಿಯಲಿಲ್ಲ. ಅರಿಶಿನಕ್ಕೆ ಬಣ್ಣ ಕೊಡುವುದು ಕರ್ಕ್ಯುಮಿನ್. ಅದು ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು, ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಮನೆಯಲ್ಲಿ ನೀರಿನಂತಿರುವ ಸ್ಯಾನಿಟೈಸರ್ ಉಳಿದಿತ್ತು. ನಾಲ್ಕು ಚಮಚ ಸ್ಯಾನಿಟೈಸರ್‌ಗೆ ಅರ್ಧ ಚಮಚ ಅರಿಶಿನ ಹಾಕಿ, ಹತ್ತು ನಿಮಿಷ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿದೆ. ಎಂಥ ಚಂದದ ಹಳದಿ! ಡ್ರಾಯಿಂಗ್ ಹಾಳೆಯ ಪಟ್ಟಿಗಳನ್ನು ಅದರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದೆವು. ಸ್ಯಾನಿಟೈಸರ್ ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಇಷ್ಟು ಕೆಲಸವನ್ನು ಒಲೆಯಿಂದ ದೂರ, ಹಿತ್ತಲಲ್ಲಿ ನಾನೇ ಮಾಡಿದೆ.

ಪ್ರತಿಯೊಂದಕ್ಕೂ ಮೊದಲು ಏನಾಗುತ್ತದೆ ಅಂತ ಊಹಿಸಿ ಸ್ಲೇಟಿನಲ್ಲಿ ಬರೆಯಬೇಕು, ಆಮೇಲೆ ಪಟ್ಟಿ ಅದ್ದಬೇಕು ಅಂತ ಮಾಡಿದ್ದೆ. ನಿಂಬೆರಸ ತುಂಬಾ ಹುಳಿ, ಅದರಲ್ಲಿ ಪಟ್ಟಿ ಕಡುಗೆಂಪಾಗುತ್ತದೆ ಅಂತ ಮೂವರೂ ಬರೆದರು. ಹಳದಿ ಹಾಗೇ ಉಳಿಯಿತು. ಹುಣಸೆ ನೀರು, ಮಜ್ಜಿಗೆ, ಉಪ್ಪು ನೀರು, ಎಲ್ಲದರಲ್ಲೂ ಹಳದಿಯೇ. ಸಣ್ಣವನ ಮುಖ ಬಾಡಿತು. "ಆಂಟಿ, ಪಟ್ಟಿ ಕೆಟ್ಟೋಗಿದೆ," ಅಂದ. ಆಗಲೂ ನಾನು ಉತ್ತರ ಹೇಳಲಿಲ್ಲ. ಅಡುಗೆ ಸೋಡಾ ಕರಗಿಸಿದ ನೀರನ್ನು ಮುಂದಿಟ್ಟೆ. ಪಟ್ಟಿ ಕಿತ್ತಳೆಗೆಂಪಾಯಿತು. ಸ್ನಾನದ ಸೋಪಿನ ನೀರಲ್ಲಿ ಕೆಂಪು. ಹಂಡೆ ಒಲೆಯ ಬೂದಿ ಕದಡಿದ ನೀರಲ್ಲೂ ಕೆಂಪು. ಹಿಂದೆ ಪಾತ್ರೆ ತಿಕ್ಕುತ್ತಿದ್ದ ಬೂದಿ ಸೋಪಿನ ಜಾತಿಗೇ ಸೇರಿದ್ದು ಅಂತ ಗೊತ್ತಾದಾಗ ಮಕ್ಕಳಿಗಿಂತ ಜಾಸ್ತಿ ಖುಷಿಪಟ್ಟವರು ನಮ್ಮತ್ತೆ.

ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಲಿಲ್ಲ, ನೀವೂ ಕೊಡಬೇಡಿ. ಎಲೆಅಡಿಕೆಯ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಮಕ್ಕಳು ಪೊಟ್ಟಣ, ಟ್ಯೂಬು ಹಿಸುಕುವಾಗಲೇ ಅದು ಕಣ್ಣಿಗೆ ಚಿಮ್ಮುವುದು. ಅಕಸ್ಮಾತ್ ಬಿದ್ದರೆ ಉಜ್ಜದೆ, ಕಡಿಮೆಯೆಂದರೂ 15 ನಿಮಿಷ ನೀರು ಬಿಟ್ಟು ತೊಳೆಯುತ್ತಾ ಇರಬೇಕು, ಆಮೇಲೆ ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ನಾನು ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಸುಣ್ಣ ತೆಗೆದು ನೀರಿಗೆ ಹಾಕಿದೆ. ಎಲ್ಲಕ್ಕಿಂತ ಗಾಢವಾದ ಕೆಂಪು ಬಂತು.

ಆ ಕೆಂಪು ಪಟ್ಟಿಯ ಮೇಲೆ ಮಗಳು ತಾನಾಗಿಯೇ ನಿಂಬೆರಸ ಹಿಂಡಿದಳು. ಹಳದಿ ವಾಪಸ್ ಬಂತು! ಮೂವರೂ ಕಿರುಚಿದರು. ಆಗ ವಿವರಿಸಿದೆ. ಸೋಡಾ, ಸೋಪು, ಬೂದಿ, ಸುಣ್ಣ ಎಲ್ಲ ಕ್ಷಾರಗಳು, ಅಂದರೆ ಹುಳಿಗೆ ವಿರುದ್ಧ ಗುಣದವು. ಕ್ಷಾರ ಸಿಕ್ಕಾಗ ಕರ್ಕ್ಯುಮಿನ್‌ನ ಕಣ ಒಂದು ಹೈಡ್ರೋಜನ್ ಬಿಟ್ಟುಕೊಡುತ್ತದೆ. ಆಮೇಲೆ ಅದು ಬೆಳಕು ಹೀರುವ ರೀತಿಯೇ ಬೇರೆ, ಅದಕ್ಕೇ ನಮಗೆ ಕೆಂಪಾಗಿ ಕಾಣುತ್ತದೆ. ಹುಳಿ ಬಿದ್ದಾಗ ಆ ಹೈಡ್ರೋಜನ್ ಮತ್ತೆ ಸಿಗುತ್ತದೆ, ಹಳದಿ ಬರುತ್ತದೆ. ಹುಳಿ, ಕ್ಷಾರ ಎಷ್ಟಿದೆ ಅಂತ ಅಳೆಯುವ ಪಿಎಚ್ ಲೆಕ್ಕದಲ್ಲಿ ಶುದ್ಧ ನೀರು 7, ಹುಳಿ ಅದಕ್ಕಿಂತ ಕೆಳಗೆ, ಕ್ಷಾರ ಮೇಲೆ. ಅರಿಶಿನ ಬಣ್ಣ ಬದಲಿಸುವುದು ಸುಮಾರು 7.4ರಿಂದ 8.6ರ ನಡುವೆ. ಅದಕ್ಕಿಂತ ಕೆಳಗೆ ನೀರಾದರೂ ಒಂದೇ, ನಿಂಬೆಯಾದರೂ ಒಂದೇ. "ಹಾಗಾದ್ರೆ ಪಟ್ಟಿ ಕೆಟ್ಟಿಲ್ಲ, ಅದಕ್ಕೆ ಹುಳಿ ಕಂಡುಹಿಡಿಯೋಕೆ ಬರಲ್ಲ ಅಷ್ಟೇ, ಅಲ್ವಾ?" ಅಂದ ಸಣ್ಣವನು. ಸರಿಯಾಗಿ ಹೇಳಿದ. ಹುಳಿ ಹಿಡಿಯಲು ಕೆಂಪು ದಾಸವಾಳ ಬೇಕು. ಎಸಳನ್ನು ಬಿಸಿನೀರಲ್ಲಿ ನೆನೆಸಿದ ರಸ ನಿಂಬೆಗೆ ಹೊಳೆಯುವ ಕೆಂಪಾಯಿತು, ಸೋಡಾಕ್ಕೆ ಹಸಿರಾಯಿತು.

ಮರುವಾರ ಮಗಳ ಬಿಳಿ ಯೂನಿಫಾರ್ಮಿಗೆ ಸಾಂಬಾರು ಚೆಲ್ಲಿತು. ಸೋಪು ಹಚ್ಚಿದಾಗ ಕಲೆ ಕೆಂಪಾಯಿತು, ಜಾಲಿಸಿದಾಗ ಹಳದಿ. ಅದರ ಕಾರಣವನ್ನು ಅವಳೇ ಅಜ್ಜಿಗೆ ಹೇಳಿದಳು. ಬಿಸಿಲಿಗೆ ಹಾಕಿದ ಬಟ್ಟೆ ಸಂಜೆ ತೆಗೆಯುವಾಗ ಕಲೆ ಮಾಸಿತ್ತು.

"ಅಮ್ಮಾ, ಬಿಸಿಲು ಹುಳೀನೂ ಅಲ್ಲ, ಕ್ಷಾರಾನೂ ಅಲ್ಲ. ಬಣ್ಣ ಯಾಕೆ ಹೋಯ್ತು?"

ಎರಡು ಹಳದಿ ಪಟ್ಟಿ ತೆಗೆದುಕೊಂಡೆವು. ಒಂದನ್ನು ಕಿಟಕಿಯ ಬಿಸಿಲಲ್ಲಿ ಅಂಟಿಸಿದ್ದಾಳೆ, ಇನ್ನೊಂದು ಅವಳ ಪುಸ್ತಕದ ಒಳಗಿದೆ. ಇವತ್ತು ನಾಲ್ಕನೇ ದಿನ. ಕಿಟಕಿಯದ್ದು ಆಗಲೇ ಬೆಳ್ಳಗಾಗುತ್ತಾ ಬಂದಿದೆ.