ಕೋರ್ಸ್ ಮುಗಿಸಿದ ಮೇಲಿನ ಕೆಲಸ: ಒಬ್ಬ ವಿಜ್ಞಾನ ಶಿಕ್ಷಕಿಯ ಅನುಭವ

ಕುಮಟಾ ತಾಲೂಕಿನ ಕರಾವಳಿ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದಿದೆ. "ಅಕ್ಕಾ, ಯಾವ ಆನ್‌ಲೈನ್ ಕೋರ್ಸ್ ಮಾಡಿದ್ರೆ ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ: "ಬರುವ ತಿಂಗಳು ಯಾವ ಪಾಠ ಇದೆ? ಮಕ್ಕಳಿಗೆ ಅದರಲ್ಲಿ ಎಲ್ಲಿ ಕಷ್ಟ ಆಗುತ್ತೆ?" ಕೋರ್ಸ್ ಹುಡುಕುವ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಪಟ್ಟಿ ನೋಡಿ ಆರಿಸಿದರೆ ಸರ್ಟಿಫಿಕೇಟ್ ಸಿಗುತ್ತದೆ, ಕ್ಲಾಸು ಮಾತ್ರ ಇದ್ದ ಹಾಗೇ ಇರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಗೆ ಕೊಡಬೇಕು ಎನ್ನುತ್ತದೆ. ಆ ಗಂಟೆ ತುಂಬಿಸಲು ಈಗ ದಾರಿ ಬೇಕಾದಷ್ಟಿವೆ. 2017ರಲ್ಲಿ ಶಿಕ್ಷಕರ ಕೋರ್ಸು, ಪಾಠದ ಸಾಮಗ್ರಿ ಸಿಗುವ ಸರ್ಕಾರಿ ತಾಣ ದೀಕ್ಷಾ ಬಂತು. ಅದೇ ವರ್ಷ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂ ಕೂಡ ಬಂತು. 2019ರಲ್ಲಿ ಮುಖಾಮುಖಿ ತರಬೇತಿಯಾಗಿ ಶುರುವಾದ ನಿಷ್ಠಾ ಅನ್ನುವ ಶಿಕ್ಷಕರ ತರಬೇತಿ ಕಾರ್ಯಕ್ರಮ, ಕೊರೋನಾ ಕಾಲದಲ್ಲಿ ದೀಕ್ಷಾದ ಮೇಲೆ ಆನ್‌ಲೈನ್ ಆಯಿತು. ನಮ್ಮಂಥ ಹೈಸ್ಕೂಲಿನವರಿಗೆ 2021ರಲ್ಲಿ ನಿಷ್ಠಾ 2.0 ಬಂತು. ಒಂದೊಂದು ಕೋರ್ಸಿಗೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ 70 ಬಂದರೆ ಸರ್ಟಿಫಿಕೇಟ್.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಅದಕ್ಕೆ ನಾನು ಕುಮಟಾ ಪೇಟೆಗೆ ಹೋದಾಗ ವಾರಕ್ಕೆ ಬೇಕಾದ ವಿಡಿಯೋ, ಪಿಡಿಎಫ್ ಎಲ್ಲ ದೀಕ್ಷಾ ಆ್ಯಪಿನಲ್ಲೇ ಡೌನ್‌ಲೋಡ್ ಮಾಡಿಕೊಂಡು ಬರುತ್ತೇನೆ. ಮನೆಯಲ್ಲಿ ನೆಟ್ ಇಲ್ಲದೆಯೂ ನೋಡಬಹುದು. ಒಂದು ಎಚ್ಚರಿಕೆ ಬೇಕು. ನೀವು ಎಷ್ಟು ಮುಗಿಸಿದ್ದೀರಿ ಅನ್ನುವುದು ನೆಟ್ ಸಿಕ್ಕಿದ ಮೇಲೇ ಅಲ್ಲಿ ದಾಖಲಾಗುತ್ತದೆ. ಕೊನೆಯ ದಿನಾಂಕದ ತನಕ ಕಾಯಬೇಡಿ. ಪರೀಕ್ಷೆಯನ್ನಂತೂ ಒಳ್ಳೆ ಸಿಗ್ನಲ್ ಇರುವ ಜಾಗದಲ್ಲೇ ಕೂತು ಬರೆಯಿರಿ.

ಸ್ವಯಂ ಕೋರ್ಸುಗಳು ಉದ್ದ. ವಾರಗಟ್ಟಲೆ ನಡೆಯುತ್ತವೆ. ಕಲಿಯಲು ದುಡ್ಡಿಲ್ಲ. ಸರ್ಟಿಫಿಕೇಟಿಗಾಗಿ ಪರೀಕ್ಷೆ ಬರೆಯುವವರಷ್ಟೇ ಶುಲ್ಕ ಕಟ್ಟಬೇಕು. ವಿಷಯ ಆಳವಾಗಿ ಓದಬೇಕು ಅನ್ನುವವರಿಗೆ ಅದು ಒಳ್ಳೆಯದು. ಪಾಠಕ್ಕೆ ಬೇಕಾದ ಸಾಮಗ್ರಿಗೆ ನಾನು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದ ತಾಣ ನೋಡುತ್ತೇನೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳೂ, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳೂ, ನನಗೆ ಇಷ್ಟ. ಹಲವು ಕನ್ನಡದಲ್ಲೇ ಇವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದ ಲ್ಯಾಬಿನಲ್ಲೂ ನಡೆಯುತ್ತವೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ವಿಜ್ಞಾನ ಬೋಧನೆಯ ಒಂದು ಕೋರ್ಸಿನಲ್ಲಿ, ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದು ಹೇಗೆ ಅನ್ನುವ ಪುಟ್ಟ ಭಾಗ ಇತ್ತು. ಅದರ ಬೆನ್ನು ಹತ್ತಿ ಓದುತ್ತಾ ಹೋದಾಗ ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿಯ ಕೆಲಸ ಸಿಕ್ಕಿತು. ಅವರು 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು, ಅಷ್ಟೇ. ಅದನ್ನು ಮೂರು ಸೆಕೆಂಡು ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ, ಮಕ್ಕಳೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ಇದು ನಮ್ಮ ಕ್ಲಾಸಿನಲ್ಲಿ ನಿಜವಾ ಅಂತ ನೋಡಬೇಕು ಅನ್ನಿಸಿತು. ಹೆಡ್‌ಮಾಸ್ತರರ ಒಪ್ಪಿಗೆ ಪಡೆದು, ಮಕ್ಕಳಿಗೂ ಹೇಳಿ, ಮೊಬೈಲನ್ನು ಮೇಜಿನ ಮೇಲಿಟ್ಟು ಧ್ವನಿ ಮಾತ್ರ ರೆಕಾರ್ಡ್ ಮಾಡಿದೆ. ಕೇಳಿದ ಮೇಲೆ ಅಳಿಸುತ್ತೇನೆ ಅಂತ ಹೇಳಿದ್ದೆ, ಹಾಗೇ ಮಾಡಿದೆ. ರಾತ್ರಿ ಕೂತು ಕೇಳಿದರೆ ರೋ ಬರೆದದ್ದೇ ಕೇಳಿಸಿತು. ಪ್ರಶ್ನೆ, ಮುಂದಿನ ಬೆಂಚಿನ ಉತ್ತರ, "ಹ್ಞಾಂ, ಸರಿ", ಮತ್ತೆ ಪ್ರಶ್ನೆ. ಹಿಂದಿನ ಬೆಂಚಿನ ಒಂದೇ ಒಂದು ದನಿ ಇಲ್ಲ.

ಆಗ ಒಂಬತ್ತನೇ ತರಗತಿಗೆ ಗುರುತ್ವದ ಪಾಠ ನಡೆಯುತ್ತಿತ್ತು. ತೇಲುವುದು, ಮುಳುಗುವುದು, ಸಾಂದ್ರತೆ ಎಲ್ಲ ಅದರಲ್ಲೇ ಬರುತ್ತದೆ. ನಮ್ಮ ಮಕ್ಕಳಲ್ಲಿ ಮೀನುಗಾರರ ಮನೆಯವರು ಜಾಸ್ತಿ. ಅದಕ್ಕೆ ಬೋರ್ಡಿನ ಮೇಲೆ ಸೂತ್ರ ಬರೆಯದೆ ಕೇಳಿದೆ: "ಅದೇ ದೋಣಿ, ಅಷ್ಟೇ ಭಾರ. ಮಿರ್ಜಾನಿನ ಹತ್ತಿರ ಹೊಳೆಯಲ್ಲಿ ಜಾಸ್ತಿ ಮುಳುಗಿರುತ್ತಾ, ತದಡಿ ದಾಟಿ ಸಮುದ್ರಕ್ಕೆ ಹೋದ ಮೇಲಾ?"

ಕೇಳಿ ಸುಮ್ಮನೆ ನಿಂತೆ. ಮನಸ್ಸಿನಲ್ಲೇ ಎಣಿಸಿದೆ. ಮುಂದಿನ ಬೆಂಚಿನ ಕೈಗಳು ಎದ್ದವು, ಕಣ್ಣಲ್ಲೇ ತಡೆದೆ. ಆ ಹೊತ್ತು ಬಹಳ ಉದ್ದ ಅನಿಸುತ್ತದೆ, ಯಾವ ಶಿಕ್ಷಕರಿಗಾದರೂ. ಆಮೇಲೆ ಹಿಂದಿನಿಂದ ಒಬ್ಬ ಹುಡುಗಿ, ಅಷ್ಟು ದಿನ ಹಾಜರಿ ಬಿಟ್ಟು ಬೇರೆ ಮಾತಾಡದವಳು, ಕೇಳಿದಳು: "ಅಕ್ಕೋರೇ, ಮಳೆಗಾಲದಲ್ಲೋ, ಬೇಸಿಗೆಯಲ್ಲೋ?"

ಎಂಥ ಪ್ರಶ್ನೆ ನೋಡಿ! ಮಳೆಗಾಲದಲ್ಲಿ ನಮ್ಮ ಅಘನಾಶಿನಿ ಹೊಳೆ ತುಂಬಿ ಹರಿಯುವಾಗ ಅಳಿವೆಯ ನೀರೂ ಸಿಹಿಯಾಗುತ್ತದೆ. ಬೇಸಿಗೆಯಲ್ಲಿ ಉಪ್ಪುನೀರು ಹೊಳೆಯೊಳಗೆ ದೂರದ ತನಕ ಹತ್ತುತ್ತದೆ. ಆ ಮಗುವಿಗೆ ಇದು ಮನೆಯಿಂದ ಗೊತ್ತು. ನೀರು ಬದಲಾದರೆ ಉತ್ತರವೂ ಬದಲಾಗುತ್ತದೆ ಅಂತ ಅವಳು ಹಿಡಿದುಬಿಟ್ಟಿದ್ದಳು. ಪಕ್ಕದವನು ಕೂಡಲೇ "ಭರತ ಇದ್ದಾಗಲೋ, ಇಳಿತ ಇದ್ದಾಗಲೋ" ಅಂತ ಸೇರಿಸಿದ. ಕ್ಲಾಸು ಅಲ್ಲಿಂದ ಅವರದ್ದೇ ಆಯಿತು.

ಮರುದಿನ ಮಕ್ಕಳು ಬಾಟಲಿಗಳಲ್ಲಿ ನೀರು ತಂದರು. ಬಾವಿಯದು, ಹೊಳೆಯದು, ಸಮುದ್ರದ್ದು. ಸಾಣಿಕಟ್ಟಾದ ಹರಳುಪ್ಪನ್ನು ಇನ್ನು ಕರಗುವುದೇ ಇಲ್ಲ ಅನ್ನುವ ತನಕ ಹಾಕಿ ಕಲಕಿದ ನೀರು ಇನ್ನೊಂದು. ಪ್ಲಾಸ್ಟಿಕ್ ಸ್ಟ್ರಾದ ಒಂದು ತುದಿಗೆ ಜೇಡಿಮಣ್ಣು ಮೆತ್ತಿ, ನೆಟ್ಟಗೆ ತೇಲುವ ಹಾಗೆ ಮಾಡಿ, ಎಷ್ಟು ಮುಳುಗುತ್ತದೆ ಅಂತ ಪೆನ್ನಿನಿಂದ ಗುರುತು ಹಾಕಿದೆವು. ಸಿಹಿನೀರಿನ ಸಾಂದ್ರತೆ ಘನಮೀಟರಿಗೆ 1000 ಕಿಲೋ, ಸಮುದ್ರದ ನೀರಿನದು ಸುಮಾರು 1025. ನೀರಿನ ಸಾಂದ್ರತೆ ಜಾಸ್ತಿ ಇದ್ದಷ್ಟೂ ಸ್ಟ್ರಾ ಕಡಿಮೆ ಮುಳುಗುತ್ತದೆ. ಬಾವಿ ನೀರಿನಲ್ಲಿ 10 ಸೆಂಟಿಮೀಟರ್ ಮುಳುಗುವ ಸ್ಟ್ರಾ ಸಮುದ್ರದ ನೀರಿನಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಮಾತ್ರ ಮೇಲೆ ಬರುತ್ತದೆ. ಕಣ್ಣಿಟ್ಟು ನೋಡಿದರೆ ಕಾಣುತ್ತದೆ. ಗಟ್ಟಿ ಉಪ್ಪುನೀರಿನಲ್ಲಿ ಒಂದೂವರೆ ಸೆಂಟಿಮೀಟರಿಗೂ ಜಾಸ್ತಿ ಎದ್ದು ನಿಲ್ಲುತ್ತದೆ, ಅದನ್ನು ಕೊನೆಯ ಬೆಂಚಿನಿಂದಲೂ ನೋಡಬಹುದು. ಪ್ರತಿ ಬಾಟಲಿಗೆ ಮೊದಲು ಎಲ್ಲರೂ ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೇ ಸ್ಟ್ರಾ ಬಿಡುವುದು. ಈ ಪದ್ಧತಿಯೂ ಆ ಕೋರ್ಸಿನದೇ. ಫೆಟ್‌ನ ಸಾಂದ್ರತೆಯ ಸಿಮ್ಯುಲೇಶನ್ ತೋರಿಸಿದ್ದು ಇದೆಲ್ಲ ಆದ ನಂತರ. ಮೊದಲೇ ತೋರಿಸಿದ್ದರೆ ಮಕ್ಕಳು ಪರದೆಯನ್ನು ನಂಬುತ್ತಿದ್ದರು, ನೀರನ್ನು ನೋಡುತ್ತಿರಲಿಲ್ಲ.

ಒಬ್ಬರೇ ಕೂತು ಕೋರ್ಸ್ ಮಾಡಿದರೆ ಇಷ್ಟು ದೂರ ಬರುವುದು ಕಷ್ಟ. ನನ್ನ ಜೊತೆ ಅಂಕೋಲೆಯ ಒಬ್ಬರು ಮಾಸ್ತರು, ಸಿದ್ದಾಪುರದ ಒಬ್ಬ ಶಿಕ್ಷಕಿ ಇದ್ದಾರೆ. ಸಿದ್ದಾಪುರ ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದು, ನಾವಿಬ್ಬರು ಕಾರವಾರದವರು. ಹಾಗಾಗಿ ತರಬೇತಿಗಳಲ್ಲಿ ಒಟ್ಟಿಗೆ ಸಿಗುವುದೇ ಅಪರೂಪ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಗೂಗಲ್ ಮೀಟ್‌ನಲ್ಲಿ ಸೇರುತ್ತೇವೆ. ಕ್ಯಾಮೆರಾ ಆಫ್, ಧ್ವನಿ ಮಾತ್ರ. ಘಟ್ಟದ ಮೇಲೆ ಅಷ್ಟಕ್ಕೇ ಸಿಗ್ನಲ್ ಸಾಕಾಗುವುದು. ಒಂದು ಶರತ್ತು ಇಟ್ಟುಕೊಂಡಿದ್ದೇವೆ: ಕೋರ್ಸಿನಲ್ಲಿ ಏನಿತ್ತು ಅಂತ ಹೇಳುವಂತಿಲ್ಲ. ಅದರಿಂದ ಕ್ಲಾಸಿನಲ್ಲಿ ಏನು ಮಾಡಿದೆ, ಮಕ್ಕಳು ಏನಂದರು, ಅದನ್ನು ಹೇಳಬೇಕು. ಮಗುವಿನ ನೋಟ್‌ಬುಕ್ಕಿನ ಒಂದು ಪುಟದ ಫೋಟೋ ವಾಟ್ಸಾಪಿನಲ್ಲಿ ಮೊದಲೇ ಬಂದಿರಬೇಕು. ಹೆಸರು ಕಾಣದ ಹಾಗೆ. ಮಕ್ಕಳ ಊಹೆಗಳ ಪುಟಗಳನ್ನು ಮೂವರೂ ಕೂತು ಓದಿದಾಗ ನಮಗೆ ಕಲಿಯಲು ಸಿಕ್ಕಿದ್ದು ಯಾವ ವಿಡಿಯೋದಲ್ಲೂ ಸಿಕ್ಕಿರಲಿಲ್ಲ. ಭಾರದ ವಸ್ತು ಮುಳುಗುತ್ತದೆ ಅಂತ ಅಷ್ಟು ಮಕ್ಕಳು ಬರೆದಿದ್ದರು, ಕಬ್ಬಿಣದ ಟ್ರಾಲರ್ ದಿನಾ ನೋಡುವ ಮಕ್ಕಳು!

ಅಘನಾಶಿನಿ ಸಿದ್ದಾಪುರದ ಕಾಡಿನಲ್ಲಿ ಹರಿದು, ಉಂಚಳ್ಳಿಯಲ್ಲಿ ಧುಮುಕಿ, ನಮ್ಮ ಬಾಗಿಲಿಗೆ ಬರುವ ಹೊಳೆ. ಈ ವರ್ಷ ಘಟ್ಟದ ಮೇಲಿನ ಮಕ್ಕಳು ಅಲ್ಲಿನ ನೀರಿನಲ್ಲಿ, ನಮ್ಮವರು ಅಳಿವೆಯ ನೀರಿನಲ್ಲಿ, ಒಂದೇ ಅಳತೆಯ ಸ್ಟ್ರಾ ಇಟ್ಟು ನೋಡಲಿದ್ದಾರೆ. ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ. ಅಳತೆಗಳನ್ನು ಮಕ್ಕಳೇ ಪರಸ್ಪರ ಪತ್ರ ಬರೆದು ತಿಳಿಸಬೇಕು ಅಂತ ಸಿದ್ದಾಪುರದ ಅಕ್ಕೋರು ಹೇಳಿದ್ದಾರೆ. ಅದಕ್ಕೆ ಬೇಕಾದ ಗ್ರಾಫ್ ಕಲಿಸಲು ಗಣಿತದ ಮಾಸ್ತರರನ್ನೂ ಶನಿವಾರದ ಗುಂಪಿಗೆ ಕರೆದಿದ್ದೇವೆ.